ಅರ್ಧ ಲೋಟ ಹಾಲೂ ಊಟವೇ

ಪ್ರಶ್ನೆ: ನಾಲ್ಕು ವರ್ಷದ ಮಗನಿಗೆ ಆರು ಹಲ್ಲು ಹುಳುಕಾಗಿವೆ. ಔಷಧ ಕುಡಿಸಿ, ಮಂಪರು ಬರಿಸಿ ಚಿಕಿತ್ಸೆ ಮಾಡುತ್ತಾರಂತೆ. ಬೆಳಿಗ್ಗೆ ಅರ್ಧ ಲೋಟ ಹಾಲು ಕೊಡಬಹುದೇ? ಮನೆಯಲ್ಲೇ ಶೀತದ ಸಿರಪ್ ಕುಡಿಸಿ ಮಲಗಿಸಿ ಕರೆತಂದರೆ ಆಗದೇ?

ಉತ್ತರ: ಎರಡೂ ಬೇಡ. 'ಅರ್ಧ ಲೋಟ ತಾನೇ' ಎಂಬ ಮಾತು ಕೇಳಿ ಕೇಳಿ ಸಾಕಾಗಿದೆ. ಹೊಟ್ಟೆಗಿಳಿದ ಹಾಲು ಒಡೆದು ಗರಣೆ ಕಟ್ಟುತ್ತದೆ. ಮಂಪರು ಜಾಸ್ತಿಯಾದ ಮಗುವಿಗೆ ವಾಂತಿಯಾದರೆ ಕೆಮ್ಮಿ ಹೊರಹಾಕುವ ಶಕ್ತಿ ಇರುವುದಿಲ್ಲ, ಅದು ಶ್ವಾಸನಾಳಕ್ಕೆ ಇಳಿಯುತ್ತದೆ. ಹಾಲು, ಬಿಸ್ಕತ್ತು, ಇಡ್ಲಿ ಕೊಟ್ಟು 6 ಗಂಟೆ ಆಗಿರಬೇಕು. ಬರೀ ನೀರಾದರೆ 2 ಗಂಟೆ. ಅಜ್ಜಿ ಕದ್ದು ಕೊಟ್ಟಿದ್ದರೂ ಹೇಳಿಬಿಡಿ. ಚಿಕಿತ್ಸೆ ಇನ್ನೊಂದು ದಿನಕ್ಕೆ ಹೋಗುತ್ತದೆ, ಅಷ್ಟೆ.

ಶೀತದ ಸಿರಪ್‌ನಲ್ಲೂ ಮಂಪರಿನ ಔಷಧ ಇರುತ್ತದೆ. ಅದರ ಮೇಲೆ ಚಿಕಿತ್ಸೆಗೆಂದು ಕುಡಿಸುವ ಮಂಪರಿನ ಔಷಧ ಮಿಡಜೋಲಾಮ್ ಬಿದ್ದರೆ ಉಸಿರು ಕುಗ್ಗುತ್ತದೆ. ಮಿಡಜೋಲಾಮ್ ಕುಡಿಸುವುದು ತೂಕ ನೋಡಿ, ಸಾಮಾನ್ಯವಾಗಿ ಕೆ.ಜಿ.ಗೆ 0.5 ಮಿ.ಗ್ರಾಂವರೆಗೆ. ಕಹಿಯೆಂದು ಮಗು ಉಗುಳಿದರೆ ಮತ್ತೆ ಕುಡಿಸುವಂತಿಲ್ಲ, ಒಳಗೆಷ್ಟು ಹೋಯಿತೆಂದು ಯಾರಿಗೂ ಗೊತ್ತಿರುವುದಿಲ್ಲ. ಕೆಲವು ಮಕ್ಕಳು ಮಲಗುವ ಬದಲು ರಂಪ ಮಾಡುತ್ತವೆ. ಚಿಕಿತ್ಸೆಗೆ ಸಾಲುವಷ್ಟು ಮಂಪರು ಇರುವುದು ಸುಮಾರು ಮುಕ್ಕಾಲು ಗಂಟೆಯಷ್ಟೇ. ಆರು ಹಲ್ಲನ್ನೂ ಒಂದೇ ದಿನ ಮುಗಿಸಬೇಕೆಂದರೆ ಆಸ್ಪತ್ರೆಯಲ್ಲಿ ಪೂರ್ತಿ ಅರಿವಳಿಕೆ ಕೊಡಿಸುವುದೇ ಮೇಲು. ಮಗ ಗೊರಕೆ ಹೊಡೆಯುತ್ತಾನಾದರೆ ಮೊದಲೇ ತಿಳಿಸಿ, ಟಾನ್ಸಿಲ್ ನೋಡಬೇಕು; ಅದು ಊದಿದ್ದರೆ ಮಂಪರಿನಲ್ಲಿ ಉಸಿರುದಾರಿ ಕಟ್ಟಬಹುದು.

ಕ್ಲಿನಿಕ್ಕಿನಲ್ಲಿ ಒಂದು ಮಾತು ಕೇಳಿ: ಹಲ್ಲು ಕೊರೆಯುವಾಗ ಮಗುವಿನ ಉಸಿರು ನೋಡುವವರು ಯಾರು? ಪಲ್ಸ್ ಆಕ್ಸಿಮೀಟರ್, ಆಮ್ಲಜನಕ, ಬಾಯಲ್ಲಿ ತುಂಬಿದ್ದನ್ನು ಎಳೆದು ತೆಗೆಯುವ ಸಕ್ಷನ್ ಇರಬೇಕು, ಮಿಡಜೋಲಾಮ್‌ನ ಮಂಪರು ಇಳಿಸುವ ಔಷಧ ಫ್ಲುಮಜೆನಿಲ್ ಕೈಗೆಟುಕುವಲ್ಲಿರಬೇಕು. ಹಲ್ಲು ಕೊರೆಯುವವರೇ 'ನಾನೇ ಎರಡೂ ನೋಡಿಕೊಳ್ಳುತ್ತೇನೆ' ಎಂದರೆ ಎದ್ದು ಬನ್ನಿ.

ವಾಪಸು ಹೋಗುವಾಗ ಸ್ಕೂಟರ್ ಬೇಡವೇ ಬೇಡ. ಇಬ್ಬರ ನಡುವೆ ಕೂತ ಮಗುವಿನ ತಲೆ ಜೋತು, ಗಲ್ಲ ಎದೆಗೆ ಒತ್ತಿದರೆ ಸದ್ದಿಲ್ಲದೆ ಉಸಿರುದಾರಿ ಮುಚ್ಚುತ್ತದೆ. ಆಟೊ ಮಾಡಿ, ಒಬ್ಬರು ತಲೆ ಎತ್ತಿ ಹಿಡಿದು ಕೂರಲಿ.

ಪ್ರಶ್ನೆ: ಮಂಪರು ಬಂದ ಮೇಲೂ ಒಸಡಿಗೆ ಚುಚ್ಚುಮದ್ದು ಏಕೆ?

ಉತ್ತರ: ಈ ಮಂಪರು ಭಯ ಕಳೆಯುತ್ತದೆ, ನೋವಲ್ಲ.

ಪ್ರಶ್ನೆ: ನೆಗಡಿ ಇದೆ, ಭಯ ಕಳೆಯಲು ನಗೆ ಅನಿಲ (ನೈಟ್ರಸ್ ಆಕ್ಸೈಡ್) ಕೊಡಬಹುದೇ?

ಉತ್ತರ: ಅದನ್ನು ಎಳೆದುಕೊಳ್ಳುವುದೇ ಮೂಗಿನಿಂದ. ನೆಗಡಿ ವಾಸಿಯಾದ ಮೇಲೆ ಬನ್ನಿ.

ಪ್ರಶ್ನೆ: ಹೊಗೆ ಹಾಕಿ ಹಲ್ಲಿನ ಹುಳ ತೆಗೆಯುವವರ ಹತ್ತಿರ ಮಂಪರಿನ ಗೊಡವೆಯೇ ಇಲ್ಲವಂತೆ?

ಉತ್ತರ: ಹಲ್ಲಿನಲ್ಲಿ ಹುಳವೇ ಇಲ್ಲ. ಅವರು ತೋರಿಸುವುದು ಬರೀ ಬೀಜದ ಚೂರು. ಹುಳುಕು ಹಾಗೇ ಉಳಿದು ಕೀವಾಗುವವರೆಗೆ ಕಾಯಿಸುವ ಇಂಥವರ ಹತ್ತಿರ ಮಗುವನ್ನು ಕರೆದೊಯ್ಯಬೇಡಿ.