ಹರಕೆ ಕಟ್ಟಿಕೊಳ್ಳಿ, ಮಾತ್ರೆ ಬಿಡಬೇಡಿ

ಪ್ರಶ್ನೆ: ಅಕ್ಕಾ, ನನ್ನ ತಮ್ಮ ಯಾರೋ ಬೈತಿದ್ದಾರೆ ಅಂತ ಕಿವಿ ಮುಚ್ಚಿಕೊಂಡು ಮೂಲೆಯಲ್ಲಿ ಕೂರ್ತಾನೆ. ಡಾಕ್ಟರ್ ಮಾತ್ರೆ ಕೊಟ್ಟಿದ್ದಾರೆ. ಅಮ್ಮ ಮಾತ್ರ ಗಾಳಿ ಸೋಕಿದೆ, ಮಾತ್ರೆ ನಿಲ್ಲಿಸಿ ಮುರುಗಮಲ್ಲ ದರ್ಗಾಕ್ಕೆ ಕರ್ಕೊಂಡು ಹೋಗೋಣ ಅಂತಾರೆ. ಕೆಜಿಎಫ್‌ನ ಗೆಳತಿಯೊಬ್ಬಳು, ಇಂಥವರಿಗೆ ಅಂತಲೇ ಕ್ರೈಸ್ತರಲ್ಲಿ ಒಬ್ಬ ಸಂತಳಿದ್ದಾಳೆ ಅಂದಳು. ನಿಜವಾ? ಏನು ಮಾಡಲಿ?
– ಹೆಸರು ಬೇಡ, ಚಿಂತಾಮಣಿ ತಾಲ್ಲೂಕು

ಉತ್ತರ: ನಿಜ. ಅವಳ ಹೆಸರು ಡಿಂಪ್ನಾ. ಐರ್ಲೆಂಡಿನ ರಾಜಕುಮಾರಿ, 7ನೇ ಶತಮಾನದವಳು ಅಂತ ಐತಿಹ್ಯ. ಹೆಂಡತಿ ತೀರಿಕೊಂಡ ಮೇಲೆ ಬುದ್ಧಿ ಕೆಟ್ಟ ಅಪ್ಪ ಮಗಳನ್ನೇ ಮದುವೆ ಆಗ್ತೀನಿ ಅಂತ ಹಟ ಹಿಡಿದ. ಅವಳು ಈಗಿನ ಬೆಲ್ಜಿಯಂನ ಗೀಲ್ ಊರಿಗೆ ಓಡಿಬಂದಳು, ಅವನು ಬೆನ್ನಟ್ಟಿ ಬಂದು ಅಲ್ಲೇ ತಲೆ ಕಡಿದ.

ನನಗೆ ಈ ಕಥೆಗಿಂತ ಆ ಊರಿನವರು ಮಾಡಿದ್ದೇ ದೊಡ್ಡದು ಅನ್ನಿಸುತ್ತೆ. ಅವಳ ಹೆಸರಿನ ಚರ್ಚಿಗೆ ಹರಕೆ ಹೊತ್ತು ಬಂದ ಮಾನಸಿಕ ರೋಗಿಗಳಿಗೆ ಜಾಗ ಸಾಲದೆ ಹೋದಾಗ ಊರವರು ತಮ್ಮ ಮನೆಗೇ ಕರ್ಕೊಂಡು ಹೋದರು. ಊಟ ಹಾಕಿದರು, ಕೈಲಾದ ಹೊಲದ ಕೆಲಸ ಕೊಟ್ಟರು, ಮಕ್ಕಳ ಜೊತೆ ಕೂರಿಸಿಕೊಂಡರು. 1930ರ ದಶಕದ ಕೊನೆಗೆ ಹೀಗೆ ಮನೆಗಳಲ್ಲಿ ಇದ್ದವರು 3,700ಕ್ಕೂ ಜಾಸ್ತಿ! ಈಗ ಕಡಿಮೆ ಆಗಿದ್ದಾರೆ, ಆದರೆ ಪದ್ಧತಿ ನಿಂತಿಲ್ಲ. 19ನೇ ಶತಮಾನದಲ್ಲೇ ಅಲ್ಲಿಗೆ ಆಸ್ಪತ್ರೆಯೂ ಬಂತು. ಸಂತಳೂ ಇದ್ದಳು, ಡಾಕ್ಟರೂ ಬಂದರು, ಯಾರೂ ಜಗಳ ಆಡಲಿಲ್ಲ.

ನಮ್ಮ ಕಡೆಯೂ ನಂಬಿಕೆಗೆ ಕೊರತೆ ಇಲ್ಲ ಬಿಡಿ. ಗಾಣಗಾಪುರದ ದತ್ತನ ಸನ್ನಿಧಿಗೆ ಹೋಗೋರು ಎಷ್ಟು ಜನ! ಮುರುಗಮಲ್ಲಕ್ಕೆ ಹಿಂದೂಗಳೂ ಮುಸ್ಲಿಮರೂ ಇಬ್ಬರೂ ಹೋಗ್ತಾರೆ. ಅಮ್ಮನ ಜೊತೆ ನೀವೂ ಹೋಗಿಬನ್ನಿ. ಅವರಿಗೂ ಮನಸ್ಸು ಹಗುರ ಆಗಬೇಕಲ್ವಾ? ಸುಮ್ನೆ 'ಮೂಢನಂಬಿಕೆ' ಅಂತ ಜಗಳಕ್ಕಿಳಿದರೆ ಅವರು ನಿಮಗೆ ಗೊತ್ತಾಗದ ಹಾಗೆ ಕರ್ಕೊಂಡು ಹೋಗ್ತಾರೆ, ಮಾತ್ರೆ ಮನೆಯಲ್ಲೇ ಉಳಿಯುತ್ತೆ, ಆಗ ಕಷ್ಟ ಅನುಭವಿಸೋನು ನಿಮ್ಮ ತಮ್ಮ.

ಆದರೆ ಎಲ್ಲೇ ಆಗಲಿ ಅವನನ್ನು ಬಿಟ್ಟುಬರಬೇಡಿ, ಕಟ್ಟಿಹಾಕೋಕೆ ಒಪ್ಪಬೇಡಿ. 2001ರ ಆಗಸ್ಟ್ 6ರಂದು ತಮಿಳುನಾಡಿನ ಎರವಾಡಿಯಲ್ಲಿ, ದರ್ಗಾಕ್ಕೆ ಅಂತ ಬಂದವರನ್ನು ಇಟ್ಟುಕೊಳ್ಳುತ್ತಿದ್ದ ಒಂದು ಖಾಸಗಿ ಶೆಡ್ಡಿಗೆ ಬೆಂಕಿ ಬಿತ್ತು. ಕಾಲಿಗೆ ಸರಪಳಿ, ಓಡೋಕೆ ಆಗಲಿಲ್ಲ, 28 ಜನ ಸತ್ತರು. ಈಗ 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಸರಪಳಿ ಹಾಕೋದೇ ಅಪರಾಧ.

ಮಾತ್ರೆ ತಾನಾಗಿಯೇ ನಿಲ್ಲಿಸಿದರೆ ಕಿವಿಯಲ್ಲಿ ಕೇಳೋ ಆ ಬೈಗುಳ ಮತ್ತೆ ಜೋರಾಗಬಹುದು. ಮಂಪರು, ಕೈ ನಡುಕ ಅಂತ ಅವನು ಬೇಡ ಅಂದರೆ ಡಾಕ್ಟರಿಗೇ ಹೇಳಿ, ಅವರು ಮಾತ್ರೆ ಬದಲಾಯಿಸ್ತಾರೆ. ಮನೋಚೈತನ್ಯ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗೇ ಮನೋವೈದ್ಯರು ಬರ್ತಾರೆ, ಸಾಮಾನ್ಯವಾಗಿ ಮಂಗಳವಾರ. ನಿಮ್ಮ ಆಸ್ಪತ್ರೆಯಲ್ಲಿ ಯಾವತ್ತು ಅಂತ ಕೇಳಿಕೊಳ್ಳಿ. ನಡುರಾತ್ರಿ ಗಾಬರಿಯಾದರೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ತಾಯತ ಕಟ್ಟಿದರೆ ಕಟ್ಟಿಸಿಕೊಳ್ಳಲಿ, ಮಾತ್ರೆಗೇನೂ ಅಡ್ಡಿ ಆಗಲ್ಲ. ಬೇರು, ಪುಡಿ ಅಂತ ಕುಡಿಯೋಕೆ ಏನಾದರೂ ಕೊಟ್ಟರೆ ಮಾತ್ರ ಮೊದಲು ಡಾಕ್ಟರಿಗೆ ತೋರಿಸಿ.