ಯಾವ ಸಿಮ್ಯುಲೇಟರ್ ಎಂದಲ್ಲ, ಪಕ್ಕದ ಸೀಟಿನಲ್ಲಿ ಯಾರು ಎಂದು ಕೇಳಿ

ವಾಣಿಜ್ಯ ಪೈಲಟ್ ಪರವಾನಗಿ ಈಗಷ್ಟೇ ಕೈಗೆ ಬಂದಿದೆ, ಎಂಸಿಸಿ ತರಬೇತಿಯನ್ನು ವಿದೇಶದಲ್ಲಿ ಮಾಡಬೇಕು, ಏರ್‌ಬಸ್ ಸಿಮ್ಯುಲೇಟರ್ (ನೆಲದ ಮೇಲೆಯೇ ಹಾರಾಟ ಕಲಿಸುವ ಅಣಕು ಕಾಕ್‌ಪಿಟ್) ಇರುವ ದೇಶಕ್ಕೆ ಹೋಗಲೋ ಬೋಯಿಂಗ್ ಇರುವ ದೇಶಕ್ಕೆ ಹೋಗಲೋ ಎಂದು ಕೇಳಿದ್ದೀರಿ. ನಾನೂ ಇದೇ ಪ್ರಶ್ನೆ ಹಿಡಿದುಕೊಂಡು ರಾತ್ರಿಗಟ್ಟಲೆ ಶಾಲೆಗಳ ಪುಟಗಳನ್ನು ತಿರುವಿದವನು. ಕೊನೆಗೆ ಬೋಯಿಂಗ್ ಆರಿಸಿಕೊಂಡೆ. ಆ ಆಯ್ಕೆಯಿಂದ ನನಗೆ ಲಾಭವೂ ಆಗಲಿಲ್ಲ, ನಷ್ಟವೂ ಆಗಲಿಲ್ಲ. ನಷ್ಟವಾದದ್ದು ಶಾಲೆ ಕೇಳಿದ ಒಂದು ಸಣ್ಣ ಪ್ರಶ್ನೆಗೆ ಹಿಂದೆಮುಂದೆ ನೋಡದೆ ‘ಆಗಲಿ’ ಎಂದದ್ದರಿಂದ.

ಎಂಸಿಸಿ ಎಂದರೆ ಇಬ್ಬರು ಪೈಲಟ್‌ಗಳು ಕೂಡಿ ವಿಮಾನ ನಡೆಸುವುದನ್ನು ಕಲಿಸುವ ತರಬೇತಿ. ಹಾಗಾಗಿ ವಿದ್ಯಾರ್ಥಿಗಳನ್ನು ಜೋಡಿಯಾಗಿ ಕೂರಿಸುತ್ತಾರೆ. ನನ್ನ ಜೋಡಿಯಾಗಬೇಕಿದ್ದವನು ಕೊನೆ ಗಳಿಗೆಯಲ್ಲಿ ಬರಲಿಲ್ಲ. ಶಾಲೆಯವರು ಪತ್ರ ಬರೆದರು: ಮುಂದಿನ ತಂಡದವರೆಗೆ ಕಾಯಬಹುದು, ಇಲ್ಲವೇ ಹೇಳಿದ ದಿನಕ್ಕೇ ಶುರು ಮಾಡಬಹುದು, ಪಕ್ಕದ ಸೀಟಿನಲ್ಲಿ ಬೋಧಕರೇ ಕೂರುತ್ತಾರೆ, ಅವರಿಂದ ಇನ್ನೂ ಹೆಚ್ಚು ಕಲಿಯುತ್ತೀರಿ. ಒಂದು ವಿಮಾನ ಸಂಸ್ಥೆ ನೇಮಕಾತಿ ತೆರೆಯಲಿದೆ ಎಂಬ ಸುದ್ದಿ ಆಗಲೇ ಹರಡಿತ್ತು. ಕಾಯುವ ವ್ಯವಧಾನ ನನಗಿರಲಿಲ್ಲ. ಜೊತೆಗೆ, ಸಾವಿರಾರು ಗಂಟೆ ಜೆಟ್ ಹಾರಿಸಿದವರ ಪಕ್ಕದಲ್ಲಿ ಕೂರುವುದು ನನ್ನಷ್ಟೇ ಹೊಸಬನ ಪಕ್ಕದಲ್ಲಿ ಕೂರುವುದಕ್ಕಿಂತ ಮೇಲಲ್ಲವೇ ಎಂದುಕೊಂಡೆ. ಅಲ್ಲ. ಏಕೆ ಅಲ್ಲ ಎಂಬುದನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ಇದೇ ಪತ್ರ ನಾಳೆ ನಿಮಗೂ ಬರಬಹುದು.

ಯುರೋಪಿನ ವಿಮಾನಯಾನ ಸುರಕ್ಷತಾ ಸಂಸ್ಥೆಯಾದ ಇಎಎಸ್‌ಎ ನಿಯಮದಂತೆ ಎಂಸಿಸಿಯಲ್ಲಿ 25 ಗಂಟೆ ಪಾಠ, 20 ಗಂಟೆ ಸಿಮ್ಯುಲೇಟರ್ ಅಭ್ಯಾಸ ಇರುತ್ತದೆ. ಸಮಗ್ರ ಕೋರ್ಸಿನಲ್ಲಿ, ಅಂದರೆ ಮೊದಲಿನಿಂದ ಕೊನೆವರೆಗೆ ಒಂದೇ ನಿರಂತರ ಕೋರ್ಸಿನಲ್ಲಿ, ಓದಿ ಬಂದವರಿಗೆ ಅಭ್ಯಾಸ 15 ಗಂಟೆ ಸಾಕು. ಸಾಮಾನ್ಯವಾಗಿ ಪ್ರತಿ ತರಗತಿಯ ಅರ್ಧ ಹೊತ್ತು ನೀವು ಹಾರಿಸುತ್ತೀರಿ, ಇನ್ನರ್ಧ ಹೊತ್ತು ಪೈಲಟ್ ಮಾನಿಟರಿಂಗ್ ಆಗಿ, ಅಂದರೆ ಗಮನಿಸುವ ಪೈಲಟ್ ಆಗಿ ಕೂರುತ್ತೀರಿ. ರೇಡಿಯೋದಲ್ಲಿ ಮಾತನಾಡುವುದು, ಚೆಕ್‌ಲಿಸ್ಟ್ ಓದುವುದು, ಫ್ಲಾಪ್ (ರೆಕ್ಕೆಯ ಹಿಂಬದಿಯ ಮಡಿಕೆ) ಮತ್ತು ಚಕ್ರಗಳ ಸನ್ನೆಗೋಲು ಸರಿಸುವುದು, ಇವೆಲ್ಲ ಕಣ್ಣಿಗೆ ಕಾಣುವ ಕೆಲಸಗಳು. ಅಸಲಿ ಕೆಲಸ ಬೇರೆ: ಪಕ್ಕದವರ ಕೈಯಲ್ಲಿ ವಿಮಾನ ದಾರಿ ತಪ್ಪುತ್ತಿರುವುದನ್ನು ಕಂಡು, ಸಮಯಕ್ಕೆ ಸರಿಯಾಗಿ, ಸ್ಪಷ್ಟವಾಗಿ ಬಾಯಿ ಬಿಟ್ಟು ಹೇಳುವುದು. ಒಬ್ಬರೇ ಹಾರಿಸಿ ಪರವಾನಗಿ ಪಡೆದ ನಮಗೆ ಇದರ ಅಭ್ಯಾಸವೇ ಇರುವುದಿಲ್ಲ. ಎಂಸಿಸಿಗೆ ಹಣ ಕೊಡುವುದು ಈ ಅಭ್ಯಾಸಕ್ಕಾಗಿ.

ನನ್ನ ಬೋಧಕರು ಹಾರಿಸುವಾಗ ದಾರಿ ತಪ್ಪುತ್ತಲೇ ಇರಲಿಲ್ಲ. ಐಎಲ್‌ಎಸ್‌ನ, ಅಂದರೆ ಇಳಿಯುವಾಗ ರೇಡಿಯೋ ಸಂಕೇತದಿಂದ ರನ್‌ವೇಗೆ ದಾರಿ ತೋರುವ ವ್ಯವಸ್ಥೆಯ, ಎರಡೂ ಸೂಚಕಗಳು ಮೊಳೆ ಹೊಡೆದಂತೆ ಮಧ್ಯದಲ್ಲಿ ನಿಂತಿರುತ್ತಿದ್ದವು. ಗಮನಿಸಲು ಏನೂ ಇಲ್ಲದ ಕಡೆ ನಾನು ಗಮನಿಸುವ ಪೈಲಟ್ ಆಗಿದ್ದೆ. ಒಮ್ಮೊಮ್ಮೆ ಅವರು ಬೇಕೆಂದೇ ವೇಗ ಹೆಚ್ಚಿಸಿ ನನ್ನನ್ನು ಪರೀಕ್ಷಿಸುತ್ತಿದ್ದರು. ಆದರೆ ಅದು ಪರೀಕ್ಷೆ ಎಂದು ನನಗೆ ಗೊತ್ತಾಗುತ್ತಿತ್ತು, ‘ಸ್ಪೀಡ್’ ಎಂದು ಧೈರ್ಯವಾಗಿ ಕೂಗುತ್ತಿದ್ದೆ. ಗೊತ್ತಿದ್ದೂ ತಪ್ಪು ಮಾಡುವ ಗುರುವನ್ನು ತಿದ್ದಲು ಧೈರ್ಯ ಬೇಕಿಲ್ಲ. ತಾನು ತಪ್ಪುತ್ತಿದ್ದೇನೆಂದು ಅರಿಯದೆ, ಹಣೆಯ ಮೇಲೆ ಬೆವರು ಹೊತ್ತು, ಕಣ್ಣು ಕದಲಿಸದೆ ಕೂತ ಸಮವಯಸ್ಕನನ್ನು ತಿದ್ದುವುದು ಬೇರೆಯೇ ಸಂಗತಿ.

ನಾನು ಹಾರಿಸುವ ಸರದಿಯಲ್ಲಿ ಇನ್ನೂ ದೊಡ್ಡ ಹಾನಿಯಾಯಿತು. ನಾನು ಹೆಡಿಂಗ್, ಅಂದರೆ ವಿಮಾನದ ದಿಕ್ಕು, ಬದಲಿಸಲು ಕೇಳುವುದು ಅರೆಗಳಿಗೆ ತಡವಾದರೆ ಅವರ ಬೆರಳು ಆಗಲೇ ಆ ಗುಂಡಿಯ ಮೇಲಿರುತ್ತಿತ್ತು. ಫ್ಲಾಪ್ ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಕೈ ಸನ್ನೆಗೋಲಿನ ಹತ್ತಿರ ಬಂದು ಕಾಯುತ್ತಿತ್ತು. ಅವರು ಕೆಟ್ಟ ಬೋಧಕರಲ್ಲ. ವರ್ಷಗಟ್ಟಲೆ ಹಾರಿಸಿದ ಕೈಗೆ ಸುಮ್ಮನೆ ಕೂರಲು ಬರುವುದಿಲ್ಲ, ಅಷ್ಟೇ. ಆ ಕೈ ನೋಡಿ ನೋಡಿ, ಕೆಲಸ ಹಂಚುವುದು ನನಗೆ ಬರುತ್ತದೆ ಎಂದು ನಾನು ನಂಬಿಬಿಟ್ಟೆ.

ಇನ್ನೊಂದು ವಿಷಯ ಬಹಳ ದಿನಗಳ ಮೇಲೆ ಹೊಳೆಯಿತು. ಬೋಧಕರು ಹಿಂದಿನ ಆಸನದಲ್ಲಿ ಕೂತಿದ್ದರೆ ಇಬ್ಬರನ್ನೂ ಒಟ್ಟಿಗೆ ನೋಡುತ್ತಾರೆ: ಯಾರು ಯಾವಾಗ ಮಾತು ನಿಲ್ಲಿಸಿದರು, ಯಾರ ಕಣ್ಣು ಎಲ್ಲಿ ಅಂಟಿಕೊಂಡಿತು, ಇಬ್ಬರೂ ಒಂದೇ ಪರದೆಯತ್ತ ಬಾಗಿದ್ದಾಗ ವಿಮಾನವನ್ನು ಯಾರು ನೋಡುತ್ತಿದ್ದರು. ಅವರೇ ಜೋಡಿಯಾಗಿ ಕೂತರೆ ನಮ್ಮಿಬ್ಬರ ನಡುವೆ ನಡೆದದ್ದನ್ನು ಹೊರಗಿನಿಂದ ಕಂಡವರು ಯಾರೂ ಇರುವುದಿಲ್ಲ. ತರಗತಿ ಮುಗಿದ ಮೇಲಿನ ಚರ್ಚೆಯಲ್ಲಿ ನನಗೆ ಸಿಕ್ಕಿದ್ದು ಎತ್ತರ, ವೇಗ, ದಿಕ್ಕುಗಳ ತಿದ್ದುಪಡಿ ಮಾತ್ರ. ಸಂಜೆ ಕೊಠಡಿಯಲ್ಲಿ ಕಾಕ್‌ಪಿಟ್ ಚಿತ್ರವನ್ನು ಗೋಡೆಗೆ ಅಂಟಿಸಿ ಒಬ್ಬನೇ ಎರಡೂ ಪಾತ್ರಗಳ ಮಾತು ಹೇಳಿಕೊಳ್ಳುತ್ತಿದ್ದೆ. ನಾನೇ ಕೇಳಿ ನಾನೇ ಉತ್ತರಿಸಿದರೆ ಉತ್ತರ ಯಾವಾಗಲೂ ಸರಿಯಾಗಿಯೇ ಬರುತ್ತದೆ.

ಮಾಮೂಲಿ ಎಂಸಿಸಿಯ ಕೊನೆಯಲ್ಲಿ ಪರೀಕ್ಷೆ ಇಲ್ಲ, ಪೂರೈಸಿದ ಪ್ರಮಾಣಪತ್ರ ಇದೆ. ಅದನ್ನು ಹಿಡಿದು ಆ ವಿಮಾನ ಸಂಸ್ಥೆಯ ಆಯ್ಕೆ ಪರೀಕ್ಷೆಗೆ ಹೋದೆ.

ಅಲ್ಲಿ ನನ್ನ ಜೊತೆ ಕೂರಿಸಿದ್ದು ಇನ್ನೊಬ್ಬ ಅಭ್ಯರ್ಥಿಯನ್ನು. ಮೊದಲ ಸರದಿ ನನ್ನದು, ಚೆನ್ನಾಗಿಯೇ ಹಾರಿಸಿದೆ. ಆಮೇಲೆ ಅವನು ಕೈಯಿಂದಲೇ ಐಎಲ್‌ಎಸ್ ಹಾರಿಸಬೇಕು, ನಾನು ಗಮನಿಸಬೇಕು. ಸಾವಿರ ಅಡಿ ಹತ್ತಿರವಾಗುವಾಗ ರನ್‌ವೇಯ ನೇರದಲ್ಲಿದ್ದೇವೆಯೇ ಎಂದು ತೋರಿಸುವ ಲೋಕಲೈಸರ್ ಸೂಚಕ ಒಂದು ಚುಕ್ಕೆ ಎಡಕ್ಕೆ ಹೋಗಿತ್ತು, ವೇಗ ಏರುತ್ತಿತ್ತು. ನನಗೆ ಕಂಡಿತು. ಈಗ ಸರಿಮಾಡಿಕೊಳ್ಳುತ್ತಾನೆ, ಇನ್ನೊಂದು ಕ್ಷಣ ನೋಡೋಣ, ಅವನ ಏಕಾಗ್ರತೆ ಕೆಡಿಸಬಾರದು ಎಂದುಕೊಂಡೆ. ಅವನ ಆಯ್ಕೆಯನ್ನು ನಾನೇಕೆ ಹಾಳುಮಾಡಲಿ ಎಂಬ ಯೋಚನೆಯೂ ಬಂತು. ಕಡೆಗೆ ಬಾಯಿಂದ ಹೊರಟಿದ್ದು ‘ಸ್ವಲ್ಪ ವೇಗ...’ ಎಂಬ ಅರ್ಧ ಮಾತು. ಹೇಳಬೇಕಾಗಿದ್ದದ್ದು ‘ಲೋಕಲೈಸರ್’, ‘ಸ್ಪೀಡ್’, ಸಾವಿರ ಅಡಿಯಲ್ಲಿ ‘ಅನ್‌ಸ್ಟೇಬಲ್, ಗೋ ಅರೌಂಡ್’, ಅಂದರೆ ಸ್ಥಿರವಾಗಿಲ್ಲ, ಇಳಿಯದೆ ಮತ್ತೆ ಮೇಲೇರು. ಎರಡು ಬಾರಿ ಕರೆದರೂ ಹಾರಿಸುವವರಿಂದ ಉತ್ತರ ಬಾರದಿದ್ದರೆ ಅವರಿಗೆ ಪ್ರಜ್ಞೆ ತಪ್ಪಿದೆಯೆಂದೇ ಭಾವಿಸಿ ನಿಯಂತ್ರಣ ತೆಗೆದುಕೊಳ್ಳಬೇಕು ಎಂಬ ವಿಧಾನವನ್ನೂ ನಾನು ಬಾಯಿಪಾಠ ಮಾಡಿದ್ದೆ. ಒಂದೂ ನೆನಪಿಗೆ ಬರಲಿಲ್ಲ. ನೆನಪಿಗೆ ಬರಲು ಅದು ಪಾಠವಾಗಿದ್ದರೆ ಸಾಲದು, ಅಭ್ಯಾಸವಾಗಿರಬೇಕು. ನಾವು ಆ ಸ್ಥಿತಿಯಲ್ಲೇ ಇಳಿದೆವು, ಇಬ್ಬರಿಗೂ ಕೆಲಸ ಸಿಗಲಿಲ್ಲ. ಮತ್ತೆ ಅರ್ಜಿ ಹಾಕಲು ಕಾಯಬೇಕಾಯಿತು, ಇನ್ನೊಂದು ಶಾಲೆಗೆ ಇನ್ನೊಮ್ಮೆ ದುಡ್ಡು ಕಟ್ಟಬೇಕಾಯಿತು.

ಇದು ಬರೀ ನೌಕರಿಯ ಮಾತಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. 1978ರ ಡಿಸೆಂಬರ್ 28ರಂದು ಅಮೆರಿಕದ ಪೋರ್ಟ್‌ಲ್ಯಾಂಡ್ ಬಳಿ ಯುನೈಟೆಡ್ 173 ಎಂಬ ಡಿಸಿ-8 ವಿಮಾನ, ಚಕ್ರಗಳ ತೊಂದರೆಯನ್ನು ಪರಿಶೀಲಿಸುತ್ತ ಸುಮಾರು ಒಂದು ಗಂಟೆ ಸುತ್ತುಹಾಕಿ, ಇಂಧನ ಮುಗಿದು ಬಿತ್ತು. ಅದರಲ್ಲಿದ್ದ 189 ಮಂದಿಯಲ್ಲಿ 10 ಮಂದಿ ಸತ್ತರು. ಇಂಧನದ ಮಾತು ಕಾಕ್‌ಪಿಟ್‌ನಲ್ಲಿ ಬಂದಿತ್ತು, ಆದರೆ ಅದರ ತೀವ್ರತೆ ಕ್ಯಾಪ್ಟನ್‌ಗೆ ತಟ್ಟುವಂತೆ ಬಂದಿರಲಿಲ್ಲ. ಉಳಿದ ಸಿಬ್ಬಂದಿಗೆ ಪಟ್ಟು ಹಿಡಿದು ಹೇಳುವುದನ್ನು ಕಲಿಸಬೇಕು ಎಂದು ತನಿಖಾ ಮಂಡಳಿ ಶಿಫಾರಸು ಮಾಡಿತು. ನಾವು ಇಂದು ಕಲಿಯುವ ಸಿಬ್ಬಂದಿ ಸಹಕಾರದ ಪಾಠಗಳು ಬೆಳೆದದ್ದು ಇಂಥ ಅಪಘಾತಗಳಿಂದ. ಮೊದಲು ಪ್ರಶ್ನೆಯಾಗಿ ಕೇಳು, ಆಮೇಲೆ ಎಚ್ಚರಿಸು, ಆಮೇಲೆ ನೇರವಾಗಿ ಪ್ರಶ್ನಿಸು, ಕೊನೆಗೆ ನಿಯಂತ್ರಣ ತೆಗೆದುಕೋ ಎಂಬ ಮೆಟ್ಟಿಲುಗಳನ್ನು ನಿಮಗೂ ಹೇಳಿಕೊಡುತ್ತಾರೆ. ನಾನು ಮೊದಲನೆಯ ಮೆಟ್ಟಿಲಿನಲ್ಲೇ ತೊದಲಿದ್ದೆ.

ಎರಡನೆಯ ಶಾಲೆಯಲ್ಲಿ ಸಿಕ್ಕ ಜೋಡಿ ಬೇರೆ ದೇಶದವಳು. ಅವಳ ಇಂಗ್ಲಿಷ್ ಉಚ್ಚಾರಣೆ ನನಗೆ ತಿಳಿಯುತ್ತಿರಲಿಲ್ಲ, ನನ್ನದು ಅವಳಿಗೆ ತಿಳಿಯುತ್ತಿರಲಿಲ್ಲ. ಮೊದಲ ತರಗತಿಯಲ್ಲಿ ಫ್ಲಾಪ್ ಎಷ್ಟು ಎಂಬುದೇ ಗೊಂದಲವಾಗಿ ಇಬ್ಬರೂ ಸನ್ನೆಗೋಲು ನೋಡುತ್ತ ಕೂತೆವು, ಅಷ್ಟರಲ್ಲಿ ವಿಮಾನ ನಿಗದಿತ ಎತ್ತರ ದಾಟಿ ಹೋಯಿತು. ಬೋಧಕರು ಸಿಮ್ಯುಲೇಟರ್ ನಿಲ್ಲಿಸಿ, ಹಿಂದಿನಿಂದ ಒಂದೇ ಪ್ರಶ್ನೆ ಕೇಳಿದರು: ‘ಈಗ ಹಾರಿಸುತ್ತಿದ್ದವರು ಯಾರು?’ ಆ ಪ್ರಶ್ನೆಯಿಂದ ನಾನು ಕಲಿತಷ್ಟು ಮೊದಲ ಕೋರ್ಸಿನಲ್ಲೆಲ್ಲ ಕಲಿತಿರಲಿಲ್ಲ. ಅವಳು ತಪ್ಪುತ್ತಿದ್ದಳು, ನಾನು ಕೂಗಿ ಹೇಳುತ್ತಿದ್ದೆ. ನಾನು ತಪ್ಪುತ್ತಿದ್ದೆ, ಅವಳು ಮುಲಾಜಿಲ್ಲದೆ ಕೂಗಿ ಹೇಳುತ್ತಿದ್ದಳು. ಕೋರ್ಸ್ ಮುಗಿಯುವ ಹೊತ್ತಿಗೆ ‘ಗೋ ಅರೌಂಡ್’ ಎಂಬ ಮಾತು ಯಾವ ಸಂಕೋಚವೂ ಇಲ್ಲದೆ ಬಾಯಿಗೆ ಬರುತ್ತಿತ್ತು. ಈಗ ದಿನವೂ ಸಹಪೈಲಟ್ ಆಗಿ ಬಲಗಡೆಯ ಸೀಟಿನಲ್ಲಿ ಕೂತು ನಾನು ಮಾಡುವ ಕೆಲಸವೇ ಅದು.

ಆದ್ದರಿಂದ ನಿಮ್ಮ ಪ್ರಶ್ನೆಯ ಚೌಕಟ್ಟನ್ನೇ ನಾನು ಒಪ್ಪುವುದಿಲ್ಲ. ಎಂಸಿಸಿಯಲ್ಲಿ ಏರ್‌ಬಸ್ ಹಾರಿಸಿದರೂ ಬೋಯಿಂಗ್ ಹಾರಿಸಿದರೂ ಅದು ಟೈಪ್ ರೇಟಿಂಗ್, ಅಂದರೆ ಆ ಮಾದರಿಯ ವಿಮಾನ ಹಾರಿಸುವ ಅರ್ಹತೆ, ಆಗುವುದಿಲ್ಲ. ಯಾವ ಸಂಸ್ಥೆ ಕರೆಯುತ್ತದೆ, ಅಲ್ಲಿ ಯಾವ ವಿಮಾನ ಇರುತ್ತದೆ ಎಂದು ಗೊತ್ತಾಗುವ ಮೊದಲೇ ಇದನ್ನು ಲೆಕ್ಕ ಹಾಕುವುದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ. ಅಲುಗಾಡುವ ಪೂರ್ಣ ಸಿಮ್ಯುಲೇಟರ್ ಬೇಕೆಂದೂ ಹಟ ಹಿಡಿಯಬೇಡಿ. ಎಂಸಿಸಿಗೆಂದು ಅನುಮೋದನೆ ಪಡೆದ ಸ್ಥಿರ ಸಾಧನ ಸಾಕು. ಅಲುಗಾಟಕ್ಕೆ ಕೊಡುವ ದುಡ್ಡನ್ನು ಹೆಚ್ಚು ಗಂಟೆಗಳಿಗೆ ಕೊಡಿ. ಎಪಿಎಸ್ ಎಂಸಿಸಿ ಎಂಬ ವಿಸ್ತೃತ ರೂಪದಲ್ಲಿ ಅಭ್ಯಾಸವೇ 40 ಗಂಟೆ, ಕೊನೆಯಲ್ಲಿ ಮೌಲ್ಯಮಾಪನವೂ ಇದೆ. ಕೈಯಲ್ಲಿ ಹಣವಿದ್ದರೆ ನನ್ನ ಮತ ಅದಕ್ಕೇ. ಆದರೆ ಬೋಧಕರನ್ನೇ ಜೋಡಿಯಾಗಿ ಕೊಡುವ 40 ಗಂಟೆಗಿಂತ ಒಳ್ಳೆಯ ಜೋಡಿ ಇರುವ 20 ಗಂಟೆ ಮೇಲು.

ದೇಶದ ಆಯ್ಕೆಯಲ್ಲಿ ಮುಖ್ಯವಾದದ್ದು ಒಂದೇ. ಎಂಸಿಸಿ ಪ್ರಮಾಣಪತ್ರವನ್ನು ಕೊಡುವುದು ತರಬೇತಿ ಶಾಲೆ, ಅದಕ್ಕೆ ಬೆಲೆ ಬರುವುದು ಆ ಶಾಲೆಗೆ ಅನುಮೋದನೆ ಕೊಟ್ಟ ಪ್ರಾಧಿಕಾರದಿಂದ. 2021ರಿಂದ ಬ್ರಿಟನ್ನಿನ ವಿಮಾನಯಾನ ಪ್ರಾಧಿಕಾರವಾದ ಸಿಎಎ, ಇಎಎಸ್‌ಎ ವ್ಯವಸ್ಥೆಯ ಹೊರಗಿದೆ, ಎರಡೂ ಅನುಮೋದನೆ ಇರುವ ಶಾಲೆಗಳೂ ಇವೆ. ನೀವು ಯಾವ ಪರವಾನಗಿಯ ಮೇಲೆ ಹಾರಬೇಕೆಂದಿದ್ದೀರೋ ಆ ಪ್ರಾಧಿಕಾರ ಈ ಕಾಗದವನ್ನು ಒಪ್ಪುತ್ತದೆಯೇ ಎಂದು ಅದನ್ನೇ ಕೇಳಿ, ಶಾಲೆಯ ಮಾರಾಟ ವಿಭಾಗವನ್ನಲ್ಲ. ಇಎಎಸ್‌ಎ ದಾರಿಯಲ್ಲಿ ಹೋಗುವುದಾದರೆ ಇಬ್ಬರು ಪೈಲಟ್‌ಗಳ ವಿಮಾನದ ಮೊದಲ ಟೈಪ್ ರೇಟಿಂಗ್‌ಗೆ ಎಂಸಿಸಿ ಒಂದೇ ಸಾಲದು. ವಿಮಾನ ಅಂಕೆ ತಪ್ಪಿದಾಗ ಹತೋಟಿಗೆ ತರುವ ಸುಧಾರಿತ ಯುಪಿಆರ್‌ಟಿ ತರಬೇತಿಯೂ ಬೇಕು. ಆ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿ.

ಸಮಯದ ವಿಷಯದಲ್ಲೂ ಆತುರ ಬೇಡ. ಉಪಕರಣ ನೋಡಿ ಹಾರಿಸುವ ಅಭ್ಯಾಸ ತುಕ್ಕು ಹಿಡಿದಿದ್ದರೆ ಮೊದಲು ಅದನ್ನು ಉಜ್ಜಿಕೊಳ್ಳಿ, ಇಲ್ಲದಿದ್ದರೆ ಉಪಕರಣಗಳ ಸೂಜಿಯನ್ನು ಸರಿಯಾದ ಜಾಗದಲ್ಲಿ ನಿಲ್ಲಿಸುವುದರಲ್ಲೇ ಗಂಟೆಗಳು ಕಳೆದುಹೋಗಿ ಪಕ್ಕದವರ ಕಡೆ ನೋಡಲು ಗಮನವೇ ಉಳಿಯುವುದಿಲ್ಲ. ಶಾಲೆಯ ಕಾರ್ಯವಿಧಾನದ ಕೈಪಿಡಿಯನ್ನು ಮುಂಚೆಯೇ ತರಿಸಿಕೊಂಡು, ಯಾವ ಎತ್ತರದಲ್ಲಿ ಯಾರು ಏನು ಹೇಳಬೇಕು ಎಂಬುದನ್ನು ಕಲಿತು ಹೋಗಿ.

ನಿಮ್ಮ ಎರಡೂ ಶಾಲೆಗಳಿಗೆ ಇವತ್ತೇ ಪತ್ರ ಬರೆಯಿರಿ. ನನ್ನ ಜೋಡಿ ಯಾರು, ಅವರ ಅನುಭವ ಎಷ್ಟು, ಆ ಜೋಡಿ ಬಾರದಿದ್ದರೆ ಏನು ಮಾಡುತ್ತೀರಿ, ಮುಂದೂಡಿದರೆ ಕಟ್ಟಿದ ಹಣ ಉಳಿಯುತ್ತದೆಯೇ, ಬೋಧಕರು ಕೊನೆಯದಾಗಿ ಯಾವ ವಿಮಾನ ಸಂಸ್ಥೆಯಲ್ಲಿ ಹಾರಿಸಿದವರು ಎಂದು ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ. ‘ಜೋಡಿ ಇಲ್ಲದಿದ್ದರೆ ಬೋಧಕರೇ ಕೂರುತ್ತಾರೆ, ಚಿಂತೆ ಬೇಡ’ ಎಂಬ ಉತ್ತರ ಬಂದರೆ, ಮುಂದಿನ ತಂಡದವರೆಗೆ ಕಾಯುತ್ತೇನೆ ಎಂದು ಹೇಳಿ. ಅದಕ್ಕೆ ಒಪ್ಪದ ಶಾಲೆಗೆ ಹಣ ಕಟ್ಟಬೇಡಿ. ಉತ್ತರಗಳು ಬಂದ ಮೇಲೆ ಇಲ್ಲಿ ಹಾಕಿ, ಓದಿ ನನ್ನ ಅಭಿಪ್ರಾಯ ಹೇಳುತ್ತೇನೆ.