ಬೀದಿಯ ಗಂಡು ಬೆಕ್ಕು ನಮ್ಮ ಬೆಕ್ಕುಗಳಿಗೆ ಕಾಟ ಕೊಡುತ್ತಿದೆ, ದೂರ ಬಿಟ್ಟು ಬರಬಹುದಾ?

ನಿಮ್ಮ ಪ್ರಶ್ನೆ ಓದಿದೆ. ಮನೆಯಲ್ಲಿ ಎರಡು ಬೆಕ್ಕು, ಒಂದು ಗಂಡು, ಒಂದು ಹೆಣ್ಣು. ಒಂದು ತಿಂಗಳಿಂದ ಬೀದಿಯ ದೊಡ್ಡ ಗಂಡು ಬೆಕ್ಕೊಂದು ರಾತ್ರಿ ಒಳಗೆ ನುಗ್ಗುತ್ತಿದೆ. ತಟ್ಟೆಯಲ್ಲಿದ್ದದ್ದು ತಿಂದು, ನಿಮ್ಮ ಗಂಡು ಬೆಕ್ಕನ್ನು ಹೊಡೆದು, ಬಾಗಿಲಿಗೆ ಉಚ್ಚೆ ಹಾರಿಸಿ ಹೋಗುತ್ತಿದೆ. ಮೊನ್ನೆಯಿಂದ ನಿಮ್ಮ ಬೆಕ್ಕಿನ ಕೆನ್ನೆ ಊದಿದೆ. ಹಿಡಿದು ದೂರ ಬಿಟ್ಟು ಬರಬಹುದಾ ಅಂತ ಕೇಳಿದ್ದೀರಿ.

ಮೊದಲು ಆ ಕೆನ್ನೆ. ಉಳಿದದ್ದೆಲ್ಲ ಆಮೇಲೆ. ನಾಳೆ ಬೆಳಿಗ್ಗೆಯೇ ಡಾಕ್ಟರಿಗೆ ತೋರಿಸಿ. ಬೆಕ್ಕಿನ ಹಲ್ಲು ಸೂಜಿಯ ಹಾಗೆ. ಕಚ್ಚಿದ ಜಾಗದಲ್ಲಿ ಸಣ್ಣ ಚುಕ್ಕೆ ಕಂಡರೆ ಹೆಚ್ಚು, ಅದೂ ಬೇಗ ಮುಚ್ಚಿಕೊಳ್ಳುತ್ತದೆ. ಒಳಗೆ ಮಾತ್ರ ಕೀವು ತುಂಬುತ್ತಾ ಹೋಗುತ್ತದೆ. ನಮ್ಮ ಬೆಕ್ಕು ಪುಟ್ಟನಿಗೂ ಹೀಗೇ ಆಗಿತ್ತು. ಮೊದಲ ದಿನ ಸ್ವಲ್ಪ ಮಂಕಾಗಿದ್ದ, ಅಷ್ಟೇ. ಮೂರನೇ ದಿನಕ್ಕೆ ದವಡೆಯ ಹತ್ತಿರ ನೆಲ್ಲಿಕಾಯಿ ಗಾತ್ರದ ಗಂಟು, ಮುಟ್ಟಿದರೆ ಬಿಸಿ. ಡಾಕ್ಟರು ಅಲ್ಲಿನ ಕೂದಲು ಬೋಳಿಸಿದಾಗ ಅಕ್ಕಪಕ್ಕದಲ್ಲಿ ಎರಡು ತೂತು ಕಂಡವು, ಪೆನ್ನಿನ ಮೊನೆಯಲ್ಲಿ ಚುಚ್ಚಿದಷ್ಟು ಸಣ್ಣವು. ಒತ್ತಿದಾಗ ಬಂದ ಕೀವಿನ ವಾಸನೆ ನಾನಿನ್ನೂ ಮರೆತಿಲ್ಲ. ಕೀವು ತೆಗೆದು, ತೊಳೆದು, ಒಂದು ವಾರ ಔಷಧಿ ಕೊಟ್ಟ ಮೇಲೆ ಹುಷಾರಾದ.

ದಯವಿಟ್ಟು ಮನೆಮದ್ದು ಮಾಡಲು ಹೋಗಬೇಡಿ. ಜ್ವರ ಇದೆ ಅಂತ ಪ್ಯಾರಾಸಿಟಮಾಲ್ ಕೊಟ್ಟರೆ ಬೆಕ್ಕು ಸಾಯಬಹುದು. ಅರ್ಧ ಮಾತ್ರೆಯೂ ಅದಕ್ಕೆ ವಿಷವೇ. ಗಾಯಕ್ಕೆ ಡೆಟಾಲ್, ಫಿನಾಯಿಲ್ ಕೂಡ ಹಾಕಬೇಡಿ. ಬೆಕ್ಕು ಮೈ ನೆಕ್ಕುತ್ತದೆ, ಎಲ್ಲಾ ಹೊಟ್ಟೆಗೆ ಹೋಗುತ್ತದೆ. ಬೆಕ್ಕಿನ ರೋಗನಿರೋಧಕ ಶಕ್ತಿ ಕುಗ್ಗಿಸುವ ಎಫ್‌ಐವಿ ಅನ್ನುವ ವೈರಸ್ ಕೂಡ ಹೆಚ್ಚಾಗಿ ಹೀಗೆ ಕಚ್ಚಿದಾಗಲೇ ಬೆಕ್ಕಿನಿಂದ ಬೆಕ್ಕಿಗೆ ದಾಟುವುದು. ಮನುಷ್ಯರಿಗೆ ಅದು ಬರುವುದಿಲ್ಲ. ರಕ್ತಪರೀಕ್ಷೆ ಯಾವಾಗ ಮಾಡಿಸಬೇಕು ಅಂತ ಡಾಕ್ಟರನ್ನೇ ಕೇಳಿ.

ಇನ್ನು ದೂರ ಬಿಟ್ಟು ಬರುವ ಮಾತು. ನಮ್ಮದು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ಹಳ್ಳಿ. ಅಲ್ಲಿ ಮಾಳಬೆಕ್ಕಿನ, ಅಂದರೆ ಗಂಡು ಬೆಕ್ಕಿನ, ಕಾಟ ಜಾಸ್ತಿಯಾದರೆ ಎಲ್ಲರೂ ಮಾಡುತ್ತಿದ್ದದ್ದು ಇದನ್ನೇ. ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪ ಒಂದನ್ನು ಗೋಣಿಚೀಲದಲ್ಲಿ ಕಟ್ಟಿಕೊಂಡು, ಹೊಳೆಬಾಗಿಲಿನಲ್ಲಿ ಲಾಂಚ್ ಹತ್ತಿ, ಶರಾವತಿ ಹಿನ್ನೀರು ದಾಟಿಸಿ ಬಿಟ್ಟು ಬಂದರು. ಆಗ ಸಿಗಂದೂರು ಸೇತುವೆ ಇರಲಿಲ್ಲ. ನಾನೂ ಜೊತೆಗಿದ್ದೆ. ಚೀಲ ಬಿಚ್ಚಿದ ಮೇಲೂ ಅದು ಓಡಲಿಲ್ಲ. ನೆಲಕ್ಕೆ ಹೊಟ್ಟೆ ಅಂಟಿಸಿಕೊಂಡು ನಮ್ಮನ್ನೇ ನೋಡುತ್ತಾ ಕೂತಿತ್ತು. ಆಮೇಲೆ ಅದಕ್ಕೆ ಏನಾಯಿತೋ. ನೀರು ಎಲ್ಲಿ, ಊಟ ಎಲ್ಲಿ, ಅಲ್ಲಿನ ಬೆಕ್ಕುಗಳು ಇರಲು ಬಿಟ್ಟವಾ, ಅದನ್ನು ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ. ಇತ್ತ ನಮ್ಮ ಮನೆಗೆ ಮುಂದಿನ ತಿಂಗಳೇ ಇನ್ನೊಂದು ಮಾಳ ಬಂತು! ಜಾಗ ಖಾಲಿಯಾಗಿತ್ತು, ತಿನ್ನಲು ಸಿಗುತ್ತಿತ್ತು, ಮನೆಯಲ್ಲಿ ಹೆಣ್ಣು ಬೆಕ್ಕಿತ್ತು. ಬರದೇ ಏನು ಮಾಡುತ್ತದೆ?

ಯಾರಾದರೂ ವಿಷ ಹಾಕಿ ಅಂದರೆ ಕಿವಿಗೇ ಹಾಕಿಕೊಳ್ಳಬೇಡಿ. ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಪ್ರಕಾರ ಪ್ರಾಣಿಗೆ ವಿಷ ಹಾಕಿದರೆ 5 ವರ್ಷದವರೆಗೆ ಜೈಲಾಗಬಹುದು. ಆ ವಿಷ ನಿಮ್ಮ ಬೆಕ್ಕುಗಳ ಬಾಯಿಗೂ ಹೋಗಬಹುದು.

ನಿಮ್ಮ ಪ್ರಶ್ನೆಯಲ್ಲಿ ಒಂದು ಸಾಲು ನನ್ನ ಕಣ್ಣಿಗೆ ಬಿತ್ತು. ಹೆಣ್ಣು ಬೆಕ್ಕಿಗೆ ಮರಿಯಾಗದ ಹಾಗೆ ಮಾಡುವ ಆಪರೇಷನ್ ಆಗಿಲ್ಲ ಅಂದಿದ್ದೀರಿ. ಮಾಳ ನಿಮ್ಮ ಮನೆಯನ್ನೇ ಸುತ್ತುವುದಕ್ಕೆ ಅದೇ ದೊಡ್ಡ ಕಾರಣ ಇರಬೇಕು. ಬೆದೆಗೆ ಬಂದ ಹೆಣ್ಣು ಬೆಕ್ಕಿನ ಕೂಗು, ವಾಸನೆ ಎರಡೂ ಬಹಳ ದೂರ ಹೋಗುತ್ತವೆ. ಗಬ್ಬವಾಗದಿದ್ದರೆ ಎರಡು ಮೂರು ವಾರಕ್ಕೊಮ್ಮೆ ಮತ್ತೆ ಬೆದೆಗೆ ಬರುತ್ತದೆ. ಗಬ್ಬವಾದರೆ ಎರಡು ತಿಂಗಳಿಗೆ ಮರಿ. ಹಾಗಾಗಿ ಅವಳಿಗೆ ಬೇಗ ಆಪರೇಷನ್ ಮಾಡಿಸಿ. ನಿಮ್ಮ ಗಂಡಿಗೂ ಆಗಿಲ್ಲದಿದ್ದರೆ, ಕೆನ್ನೆ ವಾಸಿಯಾದ ಮೇಲೆ ಅವನಿಗೂ ಮಾಡಿಸಿ.

ಜೊತೆಗೆ ಆ ಬೀದಿಯವನಿಗೂ ಮಾಡಿಸಿ. ಕೇಳಿದರೆ ಅತಿ ಅನ್ನಿಸಬಹುದು. ನನ್ನ ಅನುಭವದಲ್ಲಿ ಕೆಲಸಕ್ಕೆ ಬಂದದ್ದು ಇದೊಂದೇ.

ಮೊದಲು ಅಕ್ಕಪಕ್ಕದ ಮನೆಗಳಲ್ಲಿ ಕೇಳಿ. ಅದು ಯಾರದ್ದೋ ಸಾಕಿದ ಬೆಕ್ಕಾಗಿದ್ದರೆ ಅವರ ಹತ್ತಿರ ಮಾತಾಡಿಯೇ ಮುಂದಿನ ಕೆಲಸ. ನಾವು ದಡಿಯ ಅಂತ ಕರೆಯುತ್ತಿದ್ದ ಮಾಳಕ್ಕೆ ಯಾರೂ ದಿಕ್ಕಿರಲಿಲ್ಲ. ಉಬ್ಬಿದ ಕೆನ್ನೆ, ಹರಿದ ಕಿವಿ. ಕಬ್ಬಿಣದ ಜಾಲರಿಯ ಬೋನೊಂದನ್ನು ತಂದು, ಬಾಗಿಲು ಬೀಳದ ಹಾಗೆ ತಂತಿಯಲ್ಲಿ ಕಟ್ಟಿ, ಐದು ದಿನ ಅದರೊಳಗೇ ಬಂಗುಡೆ ತಲೆ ಇಟ್ಟೆ. ಮೊದಲ ಎರಡು ದಿನ ಹೊರಗಿನಿಂದಲೇ ಕೈ ಚಾಚಿ ಎಳೆಯಲು ನೋಡಿದ. ನಾಲ್ಕನೇ ದಿನ ಒಳಗೇ ಕೂತು ತಿಂದ. ಆರನೇ ಸಂಜೆ ತಂತಿ ಬಿಚ್ಚಿದೆ. ಬಾಗಿಲು ಬಿದ್ದ ತಕ್ಷಣ ಬೋನೇ ಮಗುಚುವಷ್ಟು ಒದ್ದಾಡಿದ. ಹಳೇ ಬೆಡ್‌ಶೀಟ್ ಹೊದಿಸಿದೆ. ಸ್ವಲ್ಪ ಹೊತ್ತಿಗೆ ಪೂರ್ತಿ ಸುಮ್ಮನಾದ. ಅಂಚು ಎತ್ತಿ ನೋಡಿದರೆ ಅವನ ಕಣ್ಣೆಲ್ಲಾ ಕಪ್ಪು, ಮೈ ನಡುಗುತ್ತಿತ್ತು. ಅಷ್ಟು ದಿನ ನಮ್ಮನ್ನೆಲ್ಲ ಹೆದರಿಸಿದ ಬೆಕ್ಕು ಇದೇನಾ ಅನ್ನಿಸಿತು.

ಬೋನು ಇಡುವ ಮೊದಲೇ ಆಸ್ಪತ್ರೆಗೆ ಫೋನ್ ಮಾಡಿ ದಿನ ಗೊತ್ತು ಮಾಡಿಕೊಳ್ಳಿ. ನಾನು ಕೇಳಿದ ಒಂದು ಕಡೆ ಬೀದಿ ಬೆಕ್ಕನ್ನು ಮುಟ್ಟುವುದಿಲ್ಲ ಅಂದರು. ಕೊನೆಗೆ ಶಿವಮೊಗ್ಗಕ್ಕೆ ಒಯ್ದೆ. ಆಪರೇಷನ್ನಿಗೆ ಮೊದಲು ಎಷ್ಟು ಹೊತ್ತು ಊಟ ಕೊಡಬಾರದು ಅಂತ ಅವರು ಹೇಳಿದ ಹಾಗೆ ಮಾಡಿ. ಆಪರೇಷನ್ ಜೊತೆಗೇ ರೇಬೀಸ್ ಲಸಿಕೆ ಹಾಕಿಸಿ. ಆಪರೇಷನ್ ಆದ ಬೀದಿ ಬೆಕ್ಕಿನ ಒಂದು ಕಿವಿಯ ತುದಿಯನ್ನು ಸ್ವಲ್ಪ ಕತ್ತರಿಸುತ್ತಾರೆ. ಮತ್ತೆ ಯಾರೂ ಅದನ್ನೇ ಹಿಡಿದು ತರಬಾರದು ಅಂತ ಆ ಗುರುತು. ಮತ್ತಿನಲ್ಲಿರುವಾಗ ಮಾಡುವುದರಿಂದ ನೋವಾಗುವುದಿಲ್ಲ. ಗಂಡು ಬೆಕ್ಕಿಗೆ ಇದು ಸಣ್ಣ ಆಪರೇಷನ್. ದಡಿಯನನ್ನು ಒಂದು ದಿನ ಒಳಗಿಟ್ಟುಕೊಂಡು, ಔಷಧಿಯ ಮತ್ತು ಪೂರ್ತಿ ಇಳಿದ ಮೇಲೆ ಹಿಡಿದ ಜಾಗದಲ್ಲೇ ಬಿಟ್ಟೆ.

ಮರುದಿನವೇ ಸಾಧುವಾಗುತ್ತದೆ ಅಂತ ಕಾಯಬೇಡಿ. ಹಾರ್ಮೋನ್ ಇಳಿಯಲು ಕೆಲವು ವಾರ ಬೇಕು. ದಡಿಯ ಇಪ್ಪತ್ತು ದಿನ ಮೊದಲಿನ ಹಾಗೇ ಇದ್ದ. ಒಂದೂವರೆ ತಿಂಗಳಿಗೆ ರಾತ್ರಿಯ ಕೂಗಾಟ ನಿಂತಿತು, ಉಚ್ಚೆ ಹಾರಿಸುವುದೂ ನಿಂತಿತು.

ಅಲ್ಲಿಯವರೆಗೆ ನಿಮ್ಮ ಬೆಕ್ಕುಗಳನ್ನು ಕತ್ತಲಾಗುವ ಮೊದಲೇ ಒಳಗೆ ಸೇರಿಸಿ. ರಾತ್ರಿ ತಟ್ಟೆಯಲ್ಲಿ ಏನೂ ಬಿಡಬೇಡಿ. ನಮ್ಮದು ಹೆಂಚಿನ ಮನೆ. ಬಾಗಿಲು ಹಾಕಿದರೂ ದಡಿಯ ಗೋಡೆಗೂ ಹೆಂಚಿಗೂ ನಡುವಿನ ಸಂದಿಯಿಂದ ಇಳಿಯುತ್ತಿದ್ದ. ಬಚ್ಚಲ ಮೇಲಿನ ಸಂದಿಗೆ ಜಾಲರಿ ಹೊಡೆಸಿದ ಮೇಲೆ ನಿಂತಿತು. ನಿಮ್ಮ ಮನೆಯಲ್ಲೂ ಅದು ಯಾವ ದಾರಿಯಲ್ಲಿ ಬರುತ್ತದೆ ಅಂತ ಒಂದು ರಾತ್ರಿ ಕೂತು ನೋಡಿ. ಉಚ್ಚೆ ಹಾರಿಸಿದ ಜಾಗವನ್ನು ಬಟ್ಟೆ ಒಗೆಯುವ ಪುಡಿ ಕದಡಿದ ಬೆಚ್ಚನೆ ನೀರಿನಲ್ಲಿ ತೊಳೆದು ಒಣಗಿಸಿ. ವಾಸನೆ ಉಳಿದರೆ ಮತ್ತೆ ಅಲ್ಲೇ ಹಾರಿಸುತ್ತದೆ.

ಜಗಳ ಆಗುವಾಗ ನಡುವೆ ಕೈ ಮಾತ್ರ ಹಾಕಬೇಡಿ. ತಟ್ಟೆ ಬಡಿಯಿರಿ, ಒಂದು ಚೊಂಬು ನೀರು ಎರಚಿ. ಕಚ್ಚಿದರೆ, ಪರಚಿದರೂ ಸರಿ, 15 ನಿಮಿಷ ಸೋಪು ಹಾಕಿ ನಲ್ಲಿ ನೀರಿನಲ್ಲಿ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ ರೇಬೀಸ್ ಇಂಜೆಕ್ಷನ್ ಹಾಕಿಸಿಕೊಳ್ಳಿ.

ದಡಿಯ ಈಗಲೂ ಬರುತ್ತಾನೆ. ಕಟ್ಟಿಗೆ ರಾಶಿಯ ಹತ್ತಿರ ಅವನಿಗೊಂದು ತಟ್ಟೆ ಬೇರೆ ಇಟ್ಟಿದ್ದೇನೆ. ತಿಂದು ಅಲ್ಲೇ ಬಿಸಿಲಿಗೆ ಮಲಗುತ್ತಾನೆ. ಪುಟ್ಟ ಜಗಲಿಯ ಮೇಲಿಂದ ಒಂದು ಸಲ ನೋಡುತ್ತಾನೆ, ಆಮೇಲೆ ಆ ಕಡೆ ತಿರುಗಿ ಮೈ ನೆಕ್ಕಿಕೊಳ್ಳುತ್ತಾನೆ.